ಗೇಟಿಗೆ ಅಂಟಿಸಿದ ಕಾಗದ

ಬೆಳಿಗ್ಗೆ ಪತ್ರಿಕೆ ಬಂದ ಕೂಡಲೇ ನಮ್ಮ ಮನೆಯಲ್ಲಿ ಅದು ಪಾಲಾಗುತ್ತದೆ. ಕ್ರೀಡೆಯ ಪುಟ ಮೊಮ್ಮಗನಿಗೆ, ಪದಬಂಧ ನನ್ನ ಮನೆಯವರಿಗೆ, ಪುರವಣಿ ಸೊಸೆಗೆ. ಯಾರಿಗೂ ಬೇಡದ ಒಂದು ಪುಟ ಕೊನೆಗೆ ನನ್ನ ಪಾಲಿಗೆ ಬರುತ್ತದೆ. ಇರುವೆ ಸಾಲಿನಂಥ ಅಕ್ಷರಗಳಲ್ಲಿ ‘ಸ್ವಾಧೀನ ನೋಟಿಸ್’, ‘ಹರಾಜು ಪ್ರಕಟಣೆ’ ಎಂದು ಅಚ್ಚಾಗುವ ಪುಟ ಅದು. ಸಾಲಗಾರರ ಹೆಸರು, ಜಾಮೀನುದಾರರ ಹೆಸರು, ಬಾಕಿ ಮೊತ್ತ, ಕೆಳಗೆ ಮನೆಯ ವಿವರ. ಒಂದು ದಿನ ಮೊಮ್ಮಗ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ ಕೇಳಿದ: “ಅಜ್ಜ, ಚಕ್ಕುಬಂದಿ ಅಂದ್ರೆ ಏನು?”

ಒಂದು ಜಾಗದ ನಾಲ್ಕು ದಿಕ್ಕಿಗೂ ಏನೇನಿದೆ ಎನ್ನುವ ವಿವರವೇ ಚಕ್ಕುಬಂದಿ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಮನೆ, ಉತ್ತರಕ್ಕೆ ಇಂಥ ನಂಬರಿನ ಸೈಟು, ದಕ್ಷಿಣಕ್ಕೆ ಓಣಿ. ಕ್ರಯಪತ್ರದಲ್ಲಿ ಇದು ಮನೆಯ ಗುರುತು. ಪತ್ರಿಕೆಯ ಆ ಪುಟದಲ್ಲಿ ಮಾತ್ರ ಓದುವಾಗ ಎದೆಯಲ್ಲಿ ಏನೋ ಕುಟುಕುತ್ತದೆ. ಆ ನಾಲ್ಕು ಗೆರೆಗಳ ನಡುವೆ ಒಂದು ಅಡಿಗೆಮನೆ, ಒಂದು ತುಳಸಿಕಟ್ಟೆ, ಗೋಡೆಯ ಮೇಲೆ ಮಕ್ಕಳ ಎತ್ತರ ಗುರುತು ಹಾಕಿದ ಪೆನ್ಸಿಲ್ ಗೆರೆಗಳು ಇರುತ್ತವಲ್ಲ.

ನಾನು 1975ರಲ್ಲಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ 2011ರಲ್ಲಿ ನಿವೃತ್ತನಾದವನು. ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ ಎಂದು ಸುತ್ತಿ ಕೊನೆಗೆ ವಿನೋಬನಗರದಲ್ಲಿ ನೆಲೆ ನಿಂತೆ. ಭೂದಾನ ಚಳವಳಿಯ ವಿನೋಬಾ ಭಾವೆಯವರ ಹೆಸರು ಹೊತ್ತ ಬಡಾವಣೆ ಇದು. ಇಲ್ಲಿ ಈಗ ಒಂದು ಅಂಗುಲ ಜಾಗವನ್ನೂ ಯಾರೂ ದಾನ ಕೊಡುವುದಿಲ್ಲ, ಅದು ಬೇರೆ ಮಾತು. ನನ್ನ ನೌಕರಿಯ ಹೆಚ್ಚಿನ ಕಾಲ ಕಳೆದದ್ದು ಸಾಲ ವಿಭಾಗದಲ್ಲಿ. ಆ ವಿಭಾಗದ ಹಿಂದಿನ ಕಬ್ಬಿಣದ ಬೀರುವಿನಲ್ಲಿ ಜನರ ಮನೆಪತ್ರಗಳು ಕವರಿನೊಳಗೆ ಮಲಗಿರುತ್ತಿದ್ದವು. ಎಷ್ಟೋ ಪತ್ರಗಳ ಮೂಲೆಯಲ್ಲಿ ಕುಂಕುಮದ ಕಲೆ ಇರುತ್ತಿತ್ತು. ದೇವರ ಮನೆಯಿಂದ ತೆಗೆದು ನೇರವಾಗಿ ಬ್ಯಾಂಕಿಗೆ ತಂದ ಕಾಗದಗಳವು.

ಒತ್ತೆ, ಅಡವು, ಭೋಗ್ಯ, ಅಡಮಾನ ಎಂದು ಈ ವ್ಯವಹಾರಕ್ಕೆ ಕನ್ನಡದಲ್ಲೇ ಎಷ್ಟು ಹೆಸರುಗಳು ನೋಡಿ. ಭೋಗ್ಯದಲ್ಲಿ ಮನೆ ಅಥವಾ ಜಮೀನನ್ನು ಸಾಲ ಕೊಟ್ಟವನೇ ಅನುಭವಿಸುತ್ತಾನೆ. ಬ್ಯಾಂಕಿನ ಅಡಮಾನದಲ್ಲಿ ಹಾಗಲ್ಲ. ಮನೆಯಲ್ಲಿ ನೀವೇ ಇರುತ್ತೀರಿ, ಪತ್ರ ಮಾತ್ರ ಬ್ಯಾಂಕಿನಲ್ಲಿ ಇರುತ್ತದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆ ಹಕ್ಕುಪತ್ರವನ್ನು ಠೇವಣಿ ಇಟ್ಟು ಸಾಲ ಪಡೆಯುವ ಈ ಕ್ರಮವನ್ನು ಒಪ್ಪಿದೆ. ಹಣ ತೀರಿಸಿ ಬಿಡಿಸಿಕೊಳ್ಳುವ ಹಕ್ಕನ್ನೂ ಅದೇ ಕಾಯ್ದೆ ಸಾಲಗಾರನಿಗೆ ಕೊಟ್ಟಿದೆ. ಆ ಹಕ್ಕಿನ ಮಾತು ಮುಂದೆ ಬರುತ್ತದೆ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಮನೆ ಕಟ್ಟಲು ಬ್ಯಾಂಕಿಗೆ ಬರುವವರು ಕಡಿಮೆ. 1969ರಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕರಣವಾದ ಮೇಲೆ ನಮ್ಮ ಗಮನವೆಲ್ಲ ಪಂಪ್‌ಸೆಟ್, ಎಮ್ಮೆ, ಹೊಲಿಗೆಯಂತ್ರದ ಸಾಲಗಳ ಕಡೆಗಿತ್ತು. ಮನೆ ಕಟ್ಟುವವರು ಪಿ.ಎಫ್. ತೆಗೆಯುತ್ತಿದ್ದರು, ಹೆಂಡತಿಯ ಬಳೆ ಮಾರುತ್ತಿದ್ದರು, ತಳಪಾಯ ಒಂದು ವರ್ಷ, ಗೋಡೆ ಇನ್ನೊಂದು ವರ್ಷ ಎಂದು ಏಳಿಸುತ್ತಿದ್ದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಗಾದೆಯ ಕಾಲ ಅದು. ಗಾದೆ ಒಳ್ಳೆಯದೇ. ಆದರೆ ಸೈಟಿನ ಬೆಲೆ ಸಂಬಳದ ಮೂವತ್ತು ನಲವತ್ತು ಪಟ್ಟು ಓಡಿದ ಮೇಲೆ, ಸಾಲ ಮಾಡದೆ ಮನೆ ಕಟ್ಟು ಎಂದು ಇಂದಿನ ಹುಡುಗರಿಗೆ ಹೇಳುವುದು ನನಗಂತೂ ಸರಿ ಕಾಣುವುದಿಲ್ಲ. ಸಾಲ ಮಾಡಲಿ. ಲೆಕ್ಕ ತಿಳಿದು ಮಾಡಲಿ.

ಆ ಲೆಕ್ಕವನ್ನು ಮಕ್ಕಳೇ ಹಾಕಬಹುದು. ಒಂದು ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. 10 ಲಕ್ಷ ರೂಪಾಯಿ ಸಾಲ, ವರ್ಷಕ್ಕೆ ಶೇ 9ರ ಬಡ್ಡಿ, 20 ವರ್ಷದ ಅವಧಿ. ತಿಂಗಳ ಕಂತು ಸುಮಾರು 8,997 ರೂಪಾಯಿ. ಮೊದಲ ತಿಂಗಳ ಬಡ್ಡಿ ಎಷ್ಟು? 10 ಲಕ್ಷಕ್ಕೆ ವರ್ಷಕ್ಕೆ 90,000, ತಿಂಗಳಿಗೆ 7,500. ಅಂದರೆ ನೀವು ಕಟ್ಟಿದ 8,997ರಲ್ಲಿ ಅಸಲಿಗೆ ಹೋದದ್ದು 1,497 ಮಾತ್ರ! ಹೀಗೇ ಒಂದು ತಿಂಗಳೂ ತಪ್ಪದೆ ಐದು ವರ್ಷ ಕಟ್ಟಿದರೆ ಕೈಯಿಂದ ಹೋಗುವ ಹಣ ಸುಮಾರು 5 ಲಕ್ಷ 40 ಸಾವಿರ. ಆದರೂ ಉಳಿದ ಸಾಲ ಸುಮಾರು 8 ಲಕ್ಷ 87 ಸಾವಿರ. “ಇಷ್ಟು ಕಟ್ಟಿದ್ದೇನೆ, ಸಾಲ ಹಾಗೇ ಇದೆಯಲ್ಲ, ನೀವೇನೋ ಮೋಸ ಮಾಡಿದ್ದೀರಿ” ಎಂದು ಕೌಂಟರಿನಲ್ಲಿ ಜಗಳಕ್ಕೆ ನಿಂತವರನ್ನು ನಾನು ಬಹಳ ನೋಡಿದ್ದೇನೆ. ಮೋಸವಲ್ಲ, ಗಣಿತ. ಮೊದಲ ವರ್ಷಗಳಲ್ಲಿ ಕಂತಿನ ಬಹುಪಾಲು ಬಡ್ಡಿಯ ಹೊಟ್ಟೆಗೇ ಹೋಗುತ್ತದೆ. ಆ ವರ್ಷಗಳಲ್ಲೇ ಕಂತು ತಪ್ಪಿದರೆ ಸಾಲ ಇಳಿಯುವ ಬದಲು ಏರತೊಡಗುತ್ತದೆ.

ಕಂತು ತಪ್ಪಿದರೆ ಮುಂದೇನು? ಮೊದಲೆಲ್ಲ ಬ್ಯಾಂಕು ಸಿವಿಲ್ ಕೋರ್ಟಿಗೆ ಹೋಗಿ ದಾವೆ ಹೂಡಬೇಕಿತ್ತು. ದಾವೆ, ಡಿಕ್ರಿ, ಅಮಲ್ಜಾರಿ ಎಂದು ಹತ್ತು ವರ್ಷ ಹಿಡಿದರೂ ಆಶ್ಚರ್ಯವಿರಲಿಲ್ಲ. ದಾವೆ ಹಾಕಿದ ಗುಮಾಸ್ತ ನಿವೃತ್ತನಾದ ಮೇಲೆ ಡಿಕ್ರಿ ಬಂದದ್ದಿದೆ. 1993ರ ಕಾನೂನಿನಿಂದ ದೊಡ್ಡ ಸಾಲಗಳಿಗೆ ಸಾಲ ವಸೂಲಾತಿ ನ್ಯಾಯಮಂಡಳಿಗಳು ಬಂದವು. 2002ರಲ್ಲಿ ಸರ್ಫೇಸಿ ಕಾಯ್ದೆ ಬಂತು. ಅದರ ಪೂರ್ಣ ಹೆಸರು ಒಂದು ಉಸಿರಿಗೆ ಹೇಳಲಾಗದಷ್ಟು ಉದ್ದ, ಬಿಡಿ. ಕೋರ್ಟಿಗೆ ಹೋಗದೆಯೇ, ಅಡವಿಟ್ಟ ಆಸ್ತಿಯನ್ನು ಬ್ಯಾಂಕು ತಾನೇ ವಶಕ್ಕೆ ತೆಗೆದುಕೊಂಡು ಮಾರಬಹುದು ಎನ್ನುವುದು ಅದರ ತಿರುಳು. ಕೃಷಿ ಭೂಮಿಯನ್ನು ಮಾತ್ರ ಈ ಕಾಯ್ದೆ ಮುಟ್ಟುವಂತಿಲ್ಲ. ಬಾಕಿಯು ಅಸಲು ಮತ್ತು ಬಡ್ಡಿಯ ಶೇ 20ಕ್ಕಿಂತ ಕಡಿಮೆ ಉಳಿದಿದ್ದರೂ ಬಳಸುವಂತಿಲ್ಲ.

ಇಷ್ಟು ದೊಡ್ಡ ಅಧಿಕಾರ ಕೊಟ್ಟ ಕಾನೂನೇ ಸಾಲಗಾರನಿಗೆ ದಿನಗಳನ್ನೂ ಎಣಿಸಿ ಕೊಟ್ಟಿದೆ. ಆ ದಿನಗಳ ಬೆಲೆ ಏನೆಂದು ನಾನು ಕಣ್ಣಾರೆ ಕಂಡದ್ದು ನೌಕರಿಯಲ್ಲಿದ್ದಾಗ ಅಲ್ಲ, ನಿವೃತ್ತನಾದ ಮೇಲೆ, ನಮ್ಮದೇ ಬೀದಿಯಲ್ಲಿ.

ನಮ್ಮ ಮನೆಯಿಂದ ಆರನೇ ಮನೆ ಒಬ್ಬ ನಿವೃತ್ತ ಕನ್ನಡ ಮೇಷ್ಟ್ರದ್ದು. 30-40ರ ಸೈಟು, ಎದುರಿಗೆ ದಾಸವಾಳದ ಗಿಡ. ಅವರ ಮಗ ಭದ್ರಾವತಿಯಲ್ಲಿ ಲೇತ್ ಇಟ್ಟುಕೊಂಡಿದ್ದ. ಭದ್ರಾವತಿ ಎಂಥ ಊರಾಗಿತ್ತು ಎಂದು ಮಕ್ಕಳಿಗೆ ಹೇಳಬೇಕು. ಮೈಸೂರು ಸಂಸ್ಥಾನದ ಕಾಲದಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆ, 1930ರ ದಶಕದಲ್ಲಿ ಹುಟ್ಟಿದ ಕಾಗದದ ಕಾರ್ಖಾನೆ ಎರಡೂ ಅಲ್ಲಿದ್ದವು. ನಾನು ಅಲ್ಲಿನ ಶಾಖೆಯಲ್ಲಿದ್ದಾಗ ಕಾರ್ಖಾನೆಯ ಸೈರನ್ ಕೇಳಿ ನಾವು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದೆವು. ಸಂಬಳದ ದಿನ ಬ್ಯಾಂಕಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಕಾಗದದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಕಬ್ಬಿಣದ ಕಾರ್ಖಾನೆ ಅದಕ್ಕೂ ಮೊದಲೇ ಏದುಸಿರು ಬಿಡುತ್ತಿತ್ತು. ದೊಡ್ಡ ಮರ ಒಣಗಿದರೆ ಅದರ ನೆರಳಿನ ಗಿಡಗಳ ಗತಿ ಏನು? ಬಿಡಿಭಾಗ ಕಡೆದು ಕೊಡುವ ಸಣ್ಣ ಲೇತ್‌ಗಳಿಗೆ ಕೆಲಸ ಕಡಿಮೆಯಾಗುತ್ತ ಬಂತು.

ಮಗ 2012ರಲ್ಲಿ ಹೊಸ ಯಂತ್ರಕ್ಕೆಂದು 20 ಲಕ್ಷ ಸಾಲ ಮಾಡಿದ್ದ. ಅಡವಿಟ್ಟದ್ದು ಅಪ್ಪನ ಮನೆ. ಜಾಮೀನು ಸಹಿಯೂ ಅಪ್ಪನದೇ. ಸಾಲ ಕೊಟ್ಟದ್ದು ಯಾವ ಬ್ಯಾಂಕು ಎನ್ನುವುದು ಇಲ್ಲಿ ಬೇಡ. ನಾನು ದುಡಿದ ಬ್ಯಾಂಕಲ್ಲ, ಅಷ್ಟು ಹೇಳುತ್ತೇನೆ.

2017ರ ಜೂನ್‌ನಲ್ಲಿ ಮೇಷ್ಟ್ರ ಹೆಸರಿಗೆ ರಿಜಿಸ್ಟರ್ ಅಂಚೆ ಬಂತು. ಅವರು ಸಹಿ ಮಾಡಿ ತೆಗೆದುಕೊಂಡರು. ಕವರಿನ ಮೇಲೆ ಬ್ಯಾಂಕಿನ ಮುದ್ರೆ ನೋಡಿದರು. ಒಡೆಯಲಿಲ್ಲ. ಪಂಚಾಂಗದ ನಡುವೆ ಇಟ್ಟು, ಪಂಚಾಂಗವನ್ನು ದೇವರ ಗೂಡಿನ ಮೇಲೆ ಇಟ್ಟರು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಮೂರು ವಾರದ ಮೇಲೆ, ಏಳನೇ ತರಗತಿ ಓದುತ್ತಿದ್ದ ಅವರ ಮೊಮ್ಮಗಳು ವರಮಹಾಲಕ್ಷ್ಮಿ ಹಬ್ಬ ಯಾವತ್ತು ಎಂದು ನೋಡಲು ಪಂಚಾಂಗ ತೆಗೆದಳು. ಕವರು ಕೆಳಗೆ ಬಿತ್ತು. ಅಜ್ಜಿ ಒಡೆಯಲು ಹೇಳಿದರಂತೆ. ಇಂಗ್ಲಿಷಿನ ಉದ್ದುದ್ದ ವಾಕ್ಯಗಳು. ಹುಡುಗಿಗೆ ಅರ್ಥವಾದದ್ದು ಎರಡೇ: ಅಜ್ಜನ ಹೆಸರು ಮತ್ತು ‘ಅರವತ್ತು ದಿನ’ ಎನ್ನುವ ಮಾತು. ಕವರು ಹಿಡಿದು ನೇರ ನಮ್ಮ ಮನೆಗೆ ಬಂದಳು. “ಬ್ಯಾಂಕಿನ ಅಜ್ಜ, ಇದನ್ನ ಓದಿ ಹೇಳ್ತೀರಾ? ನಮ್ಮಜ್ಜ ಓದಲ್ವಂತೆ.”

ಅದು ಸರ್ಫೇಸಿ ಕಾಯ್ದೆಯ 13(2)ನೇ ಕಲಮಿನ ಬೇಡಿಕೆ ನೋಟಿಸ್. ಕಂತು 90 ದಿನಕ್ಕಿಂತ ಹೆಚ್ಚು ಕಾಲ ಬಾಕಿ ಉಳಿದರೆ ಖಾತೆಯನ್ನು ವಸೂಲಾಗದ ಸಾಲ, ಅಂದರೆ ಎನ್‌ಪಿಎ ಎಂದು ಬ್ಯಾಂಕು ಬರೆದುಕೊಳ್ಳುತ್ತದೆ. ಆಮೇಲೆ ಈ ನೋಟಿಸ್ ಕಳಿಸಿ, ನೋಟಿಸಿನ ದಿನಾಂಕದಿಂದ 60 ದಿನದೊಳಗೆ ಹಣ ಕಟ್ಟಿ ಎನ್ನುತ್ತದೆ. ಕೇಳುವುದು ತಪ್ಪಿದ ಕಂತುಗಳನ್ನಲ್ಲ, ಇಡೀ ಸಾಲವನ್ನು. ಮೇಷ್ಟ್ರ ಮಗ ತಪ್ಪಿಸಿದ್ದ ಕಂತುಗಳು ಒಂದೂವರೆ ಲಕ್ಷದಷ್ಟು. ನೋಟಿಸಿನಲ್ಲಿ ಇದ್ದದ್ದು 17 ಲಕ್ಷದ ಮೇಲೆ. ಆ ಅಂಕಿ ನೋಡಿದ ಕೂಡಲೇ ಎಷ್ಟೋ ಜನ ಕೈಚೆಲ್ಲುತ್ತಾರೆ.

ನಾನು ಕ್ಯಾಲೆಂಡರ್ ತೆಗೆದು ಎಣಿಸಿದೆ. 23 ದಿನ ಹೋಗಿತ್ತು. ಸಂಜೆ ಮೇಷ್ಟ್ರ ಮನೆಗೆ ಹೋದೆ. ಜಗಲಿಯ ಮೇಲೆ ಕೂತಿದ್ದರು. ನನ್ನ ಕೈಯಲ್ಲಿ ಕವರು ನೋಡಿ ಮುಖ ತಿರುಗಿಸಿದರು.

“ಅದರಲ್ಲಿ ಓದೋದೇನಿದೆ ಬ್ಯಾಂಕಿನೋರೇ? ಮನೆ ಹೋಯ್ತು ಅಂತ ತಾನೆ?”

“ಇಲ್ಲ ಮೇಷ್ಟ್ರೇ. ಇನ್ನೂ 37 ದಿನ ಇದೆ ಅಂತ ಬರೆದಿದೆ.”

ಮೂವತ್ತೈದು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವರು, ರಾಘವಾಂಕನ ಹರಿಶ್ಚಂದ್ರನನ್ನು ತರಗತಿಯಲ್ಲಿ ಕಣ್ಣೀರು ಬರುವ ಹಾಗೆ ಪಾಠ ಮಾಡಿದವರು, ತಮ್ಮ ಹೆಸರಿಗೆ ಬಂದ ಒಂದು ಕಾಗದಕ್ಕೆ ಹೆದರಿ ಕೂತಿದ್ದರು. ಹೆದರಿಕೆಗಿಂತ ನಾಚಿಕೆ ಹೆಚ್ಚು ಎಂದು ನನಗೆ ಅನ್ನಿಸಿತು. ಸಾಲದ ವಿಷಯದಲ್ಲಿ ನಮ್ಮ ಜನಕ್ಕೆ ಇರುವ ಈ ನಾಚಿಕೆ ಬ್ಯಾಂಕುಗಳಿಗೆ ಬಹಳ ಅನುಕೂಲ. ಉತ್ತರ ಬಾರದ ನೋಟಿಸಿನಷ್ಟು ಸಲೀಸಾದ ಫೈಲು ಇನ್ನೊಂದಿಲ್ಲ.

ಉತ್ತರ ಕೊಡಬಹುದೆ? ಕೊಡಬಹುದು. 2004ರ ಏಪ್ರಿಲ್‌ನಲ್ಲಿ ಮಾರ್ಡಿಯಾ ಕೆಮಿಕಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ ನ್ಯಾಯಮಂಡಳಿಗೆ ಹೋಗಬೇಕಾದರೆ ಬಾಕಿಯ ಶೇ 75ರಷ್ಟನ್ನು ಮೊದಲೇ ಕಟ್ಟಿ ಬಾ ಎನ್ನುತ್ತಿದ್ದ ನಿಯಮವನ್ನು ಕಿತ್ತುಹಾಕಿತು. ಕಟ್ಟಲು ಹಣವಿಲ್ಲ ಎಂದೇ ಬಂದವನಿಗೆ ಮುಕ್ಕಾಲು ಪಾಲು ಕಟ್ಟು ಎಂದರೆ ಏನರ್ಥ? ಸಾಲಗಾರ ನೋಟಿಸಿಗೆ ಆಕ್ಷೇಪ ಬರೆದರೆ ಬ್ಯಾಂಕು ಅದನ್ನು ಮನಸ್ಸಿಟ್ಟು ನೋಡಿ, ಒಪ್ಪದಿದ್ದರೆ ಕಾರಣ ತಿಳಿಸಬೇಕು ಎಂದೂ ಹೇಳಿತು. ಅದೇ ವರ್ಷ ಸಂಸತ್ತು ಅದನ್ನು ಕಾಯ್ದೆಯೊಳಗೆ ಸೇರಿಸಿತು. ಈಗ ಬ್ಯಾಂಕು 15 ದಿನದೊಳಗೆ ಕಾರಣ ಬರೆದು ತಿಳಿಸಬೇಕು.

ಮೇಷ್ಟ್ರು ಉತ್ತರವನ್ನು ಕನ್ನಡದಲ್ಲೇ ಬರೆದರು. ಮುತ್ತು ಪೋಣಿಸಿದಂಥ ಅಕ್ಷರ. ಬರೆಯುತ್ತ ಬರೆಯುತ್ತ ಬೆನ್ನು ನೆಟ್ಟಗಾದದ್ದನ್ನು ನಾನು ನೋಡಿದೆ. ನಾನು ಹೇಳಿದ ವಿಷಯಗಳು ಇಷ್ಟೇ: ಖಾತೆಯ ಪೂರ್ತಿ ವಿವರ ಕೊಡಿ, ದಂಡಬಡ್ಡಿ ಯಾವ ದಿನದಿಂದ ಎಷ್ಟು ಹಾಕಿದ್ದೀರಿ ತಿಳಿಸಿ, ಮಗನಿಗೆ ಬರಬೇಕಾದ ಬಾಕಿಗಳು ಇವೆ, ಆರು ತಿಂಗಳ ಸಮಯ ಕೊಡಿ, ಇಲ್ಲವಾದರೆ ಮನೆಯನ್ನು ನಾವೇ ಮಾರಿ ಸಾಲ ತೀರಿಸಲು ಒಪ್ಪಿಗೆ ಕೊಡಿ. ಕೊನೆಯ ಮಾತನ್ನು ಬರೆಯುವಾಗ ಪೆನ್ನು ನಿಂತಿತು. ಒಳಗಿನಿಂದ ಅವರ ಮನೆಯವರೇ, “ಬರೀರಿ ಅದನ್ನೂ” ಎಂದರು. ಶಾಖೆಗೆ ಹೋಗಿ ಕೊಟ್ಟು, ನಕಲಿನ ಮೇಲೆ ಮುದ್ರೆ ಹಾಕಿಸಿಕೊಂಡು ಬಂದೆವು.

ಒಪ್ಪಿಗೆ ಕೇಳಿದ್ದು ಏಕೆಂದರೆ, 13(2)ರ ನೋಟಿಸ್ ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಆ ಮನೆಯನ್ನು ಮಾರುವಂತಿಲ್ಲ, ಬಾಡಿಗೆಗೂ ಕೊಡುವಂತಿಲ್ಲ. ಇದು ಗೊತ್ತಿಲ್ಲದೆ ಗುಟ್ಟಾಗಿ ಮುಂಗಡ ತೆಗೆದುಕೊಂಡು ಎರಡು ಕಡೆಯೂ ಸಿಕ್ಕಿಬಿದ್ದವರಿದ್ದಾರೆ.

ಹತ್ತನೇ ದಿನ ಬ್ಯಾಂಕಿನಿಂದ ಉತ್ತರ ಬಂತು. ಖಾತೆಯ ವಿವರ ಇತ್ತು. ಸಮಯ ಕೊಡಲಾಗದು ಎಂದು ಕಾರಣವೂ ಇತ್ತು. ಮಾರಾಟದ ಬಗ್ಗೆ, ‘ಕೊಳ್ಳುವವರ ಪ್ರಸ್ತಾವ ತಂದರೆ ಪರಿಶೀಲಿಸಲಾಗುವುದು’ ಎಂಬ ಒಂದು ಸಾಲು. ಆ ಸಾಲಿನ ಕೆಳಗೆ ಮೇಷ್ಟ್ರು ಕೆಂಪು ಶಾಯಿಯಲ್ಲಿ ಗೆರೆ ಎಳೆದರು. ಹಳೆಯ ಅಭ್ಯಾಸ.

60 ದಿನ ಮುಗಿಯಿತು. ಕೊಳ್ಳುವವರು ಸಿಕ್ಕಿರಲಿಲ್ಲ. ಒಂದು ಮಧ್ಯಾಹ್ನ ಬ್ಯಾಂಕಿನ ಅಧಿಕೃತ ಅಧಿಕಾರಿ ಇಬ್ಬರೊಡನೆ ಬಂದು ಗೇಟಿಗೆ ಒಂದು ಕಾಗದ ಅಂಟಿಸಿ, ಫೋಟೊ ತೆಗೆದುಕೊಂಡು ಹೋದರು. ಆ ವಾರವೇ ಎರಡು ಪತ್ರಿಕೆಗಳಲ್ಲಿ ಪ್ರಕಟಣೆ. ಅದರಲ್ಲಿ ಒಂದು ಸ್ಥಳೀಯ ಭಾಷೆಯದ್ದಾಗಿರಬೇಕು ಎನ್ನುವುದು ನಿಯಮ. ಹಾಲಿನವನು ಓದಿದ, ಹೂವಿನವಳು ಬೇರೆಯವರಿಂದ ಓದಿಸಿ ಕೇಳಿದಳು. ಹುಡುಗಿ ಶಾಲೆಗೆ ಹೊರಡುವಾಗ ಗೇಟು ತೆಗೆಯಲು ಹಿಂದೆಮುಂದೆ ನೋಡಿದಳು. ಮೇಷ್ಟ್ರು ತಾವೇ ಹೋಗಿ ಗೇಟು ತೆಗೆದು, “ಕಾಗದ ಓದು, ಕಾಗುಣಿತ ತಪ್ಪು ಇದೆಯಾ ನೋಡು” ಎಂದರಂತೆ. ಇತ್ತಂತೆ, ಎರಡು ತಪ್ಪು.

ಇದಕ್ಕೆ ಸಾಂಕೇತಿಕ ಸ್ವಾಧೀನ ಎನ್ನುತ್ತಾರೆ. ಮನೆ ಬ್ಯಾಂಕಿನ ವಶಕ್ಕೆ ಹೋಯಿತು ಎಂದು ಕಾಗದದಲ್ಲಿ ಇರುತ್ತದೆ. ಮನೆಯವರು ಒಳಗೇ ಇರುತ್ತಾರೆ, ಒಲೆ ಉರಿಯುತ್ತದೆ. ನಿಜವಾಗಿ ಮನೆ ಖಾಲಿ ಮಾಡಿಸಬೇಕಾದರೆ, ಮನೆಯವರು ಬಿಟ್ಟುಕೊಡದಿದ್ದಾಗ, ಬ್ಯಾಂಕು 14ನೇ ಕಲಮಿನ ಅಡಿ ಜಿಲ್ಲಾ ದಂಡಾಧಿಕಾರಿಗೆ, ಅಂದರೆ ನಮ್ಮಲ್ಲಿ ಜಿಲ್ಲಾಧಿಕಾರಿಗೆ, ಅರ್ಜಿ ಕೊಟ್ಟು ಆದೇಶ ಪಡೆಯುತ್ತದೆ. ಮುಖ್ಯ ನ್ಯಾಯಿಕ ದಂಡಾಧಿಕಾರಿಯವರ ಮುಂದೆಯೂ ಹೋಗಬಹುದು. ‘ವಸೂಲಿಯವರು’ ಎಂದು ಹೇಳಿಕೊಂಡು ನಾಲ್ಕು ಜನ ಬಂದು ಸಾಮಾನು ಹೊರಗೆಸೆದರೆ ಅದು ಕಾನೂನಲ್ಲ, ಪುಂಡಾಟ. ವಸೂಲಿಗಾರರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಸಾಲಗಾರರಿಗೆ ಫೋನ್ ಮಾಡುವಂತಿಲ್ಲ ಎಂದು 2022ರಲ್ಲಿ ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿದೆ. ವಿಶ್ವಾಮಿತ್ರನ ಸಾಲಕ್ಕೆ ಹರಿಶ್ಚಂದ್ರನ ಬೆನ್ನು ಬಿದ್ದ ನಕ್ಷತ್ರಿಕನಿಗೆ ಇಂಥ ಸುತ್ತೋಲೆ ಇರಲಿಲ್ಲ.

ಗೇಟಿಗೆ ಕಾಗದ ಬಿದ್ದ ಮೇಲೆ ಸಾಲಗಾರನಿಗೆ 45 ದಿನ. ಅಷ್ಟರೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ನಮ್ಮ ಕಡೆಯವರಿಗೆ ಅದು ಇರುವುದು ಬೆಂಗಳೂರಿನಲ್ಲಿ. ನಾವು ಊರಿನಲ್ಲೇ ಒಬ್ಬ ವಕೀಲರನ್ನು ಕಂಡೆವು. ಅವರು ಕಾಗದಗಳನ್ನೆಲ್ಲ ನೋಡಿ, “ಬ್ಯಾಂಕಿನವರು ಕ್ರಮ ತಪ್ಪಿಲ್ಲ. ಕೇಸು ಹಾಕಿದರೆ ಸ್ವಲ್ಪ ಕಾಲ ಸಿಗಬಹುದು, ಬಡ್ಡಿ ಮಾತ್ರ ಓಡುತ್ತಿರುತ್ತದೆ. ನಿಮಗೆ ಬೇಕಾದದ್ದು ಗಿರಾಕಿ” ಎಂದರು. ಫೀಸು ತೆಗೆದುಕೊಳ್ಳಲಿಲ್ಲ. ಅಂಥವರೂ ಇದ್ದಾರೆ. ಕ್ರಮ ತಪ್ಪಿದ್ದರೆ, ಅಂದರೆ ನೋಟಿಸೇ ಮುಟ್ಟಿರದಿದ್ದರೆ, ಆಕ್ಷೇಪಕ್ಕೆ ಉತ್ತರವೇ ಬರದಿದ್ದರೆ, ಲೆಕ್ಕ ತಪ್ಪಿದ್ದರೆ, ಅವರ ಸಲಹೆ ಬೇರೆಯಾಗುತ್ತಿತ್ತು.

ಇನ್ನು ಬಿಡಿಸಿಕೊಳ್ಳುವ ಹಕ್ಕಿನ ಮಾತು. 2016ರ ತಿದ್ದುಪಡಿಯ ನಂತರ, ಹರಾಜಿನ ಪ್ರಕಟಣೆ ಹೊರಬೀಳುವ ಮೊದಲು ಪೂರ್ತಿ ಬಾಕಿ ಕಟ್ಟಿದರೆ ಮಾತ್ರ ಮನೆ ಉಳಿಯುತ್ತದೆ. ಮುಂಚೆ ಮಾರಾಟ ಮುಗಿಯುವವರೆಗೂ ಅವಕಾಶ ಇದೆ ಎಂದು ನಂಬಿದ್ದವರು ಬಹಳ. 2023ರಲ್ಲಿ ಸುಪ್ರೀಂ ಕೋರ್ಟು ಈ ಗೆರೆಯನ್ನು ಇನ್ನಷ್ಟು ಗಟ್ಟಿ ಮಾಡಿತು. ಹರಾಜಿನ ಹಿಂದಿನ ದಿನ ಹಣ ಹೊಂದಿಸಿಕೊಂಡು ಓಡಿ ಬರುವ ದೃಶ್ಯ ಸಿನಿಮಾದಲ್ಲಿ ಚೆನ್ನಾಗಿರುತ್ತದೆ. ನಿಜದಲ್ಲಿ ಆಗ ಹೊತ್ತು ಮೀರಿರುತ್ತದೆ.

ಆದ್ದರಿಂದ ನಮ್ಮ ಓಟ ಹರಾಜು ಪ್ರಕಟಣೆಯ ಜೊತೆಗಿತ್ತು. ಮೇಷ್ಟ್ರ ಹಳೆಯ ವಿದ್ಯಾರ್ಥಿಗಳಿಗೆ ಹೇಳಿದೆವು. ಮೇಷ್ಟ್ರು ಮೊದಲು ಒಪ್ಪಲಿಲ್ಲ, ಆಮೇಲೆ ತಾವೇ ಫೋನ್ ಮಾಡತೊಡಗಿದರು. ದಸರಾ ಕಳೆದು ಎರಡು ವಾರಕ್ಕೆ ಸಾಗರದ ಕಡೆಯ ಅಡಿಕೆ ಬೆಳೆಗಾರರೊಬ್ಬರು ಬಂದು ಮನೆ ನೋಡಿದರು. ಮಕ್ಕಳ ಓದಿಗೆ ಶಿವಮೊಗ್ಗದಲ್ಲಿ ಮನೆ ಬೇಕಿತ್ತು ಅವರಿಗೆ. 41 ಲಕ್ಷಕ್ಕೆ ಮಾತಾಯಿತು. ಬ್ಯಾಂಕು ಬರೆದು ಒಪ್ಪಿಗೆ ಕೊಟ್ಟಿತು, ದಂಡಬಡ್ಡಿಯಲ್ಲಿ ಸ್ವಲ್ಪ ಬಿಟ್ಟಿತು. ಕೊಂಡವರು 17 ಲಕ್ಷ 20 ಸಾವಿರದ ಡಿ.ಡಿ.ಯನ್ನು ನೇರವಾಗಿ ಬ್ಯಾಂಕಿನ ಹೆಸರಿಗೆ ತೆಗೆದರು. ಉಳಿದ 23 ಲಕ್ಷ 80 ಸಾವಿರ ಮೇಷ್ಟ್ರ ಖಾತೆಗೆ ಬಂತು. ಹರಾಜಾಗಿದ್ದರೂ ಸಾಲ ಮತ್ತು ಖರ್ಚು ಕಳೆದು ಮಿಕ್ಕ ಹಣ ಮನೆಯವರಿಗೇ ಸೇರಬೇಕು, ಕಾಯ್ದೆ ಹಾಗೇ ಹೇಳುತ್ತದೆ. ಆದರೆ ಹರಾಜಿನಲ್ಲಿ 41 ಬರುತ್ತಿತ್ತೇ ಎನ್ನುವುದು ನನಗೆ ಸಂಶಯ.

ಮನೆ ಉಳಿಯಲಿಲ್ಲ. ಅದನ್ನು ಮುಚ್ಚಿಟ್ಟು ಹೇಳುವುದು ಬೇಡ. ಕಾರ್ತಿಕದಲ್ಲಿ ಅವರು ಎರಡು ಕ್ರಾಸ್ ಆಚೆ ಬಾಡಿಗೆ ಮನೆಗೆ ಹೋದರು. ಹುಡುಗಿ ದಾಸವಾಳದ ಎರಡು ಕಡ್ಡಿ ಮುರಿದುಕೊಂಡು ಹೋಗಿ ಡಬ್ಬಿಯಲ್ಲಿ ನೆಟ್ಟಳು. ಆದರೆ ಅವರನ್ನು ಯಾರೂ ಹೊರಗೆ ಹಾಕಲಿಲ್ಲ. ತಾವೇ ಬೀಗ ಹಾಕಿ, ಕೊಂಡವರ ಕೈಗೆ ಕೀಲಿ ಕೊಟ್ಟು, ಹಾಲು ಕುಡಿದು ಹೊರಟರು. ಲೇತ್‌ನ ಯಂತ್ರವೂ ಸಾಲಮುಕ್ತವಾಗಿ ಮಗನಿಗೆ ಉಳಿಯಿತು. ಈಗ ಅವನು ಅಡಿಕೆ ಸುಲಿಯುವ ಯಂತ್ರಗಳ ಬಿಡಿಭಾಗ ಕಡೆಯುತ್ತಾನೆ. ಆ ಕವರು ಪಂಚಾಂಗದೊಳಗೇ ಇದ್ದಿದ್ದರೆ 60 ದಿನವೂ ಹೋಗುತ್ತಿತ್ತು, 45 ದಿನವೂ ಹೋಗುತ್ತಿತ್ತು.

ನನ್ನ ವಯಸ್ಸಿನವರಿಗೆ ಒಂದೆರಡು ಮಾತು ಹೇಳಬೇಕು. “ಅಪ್ಪ, ಇಲ್ಲೊಂದು ಸೈನ್ ಹಾಕು” ಎಂದು ಮಗ ಕಾಗದ ಚಾಚಿದಾಗ ನಾವು ಕನ್ನಡಕ ಹಾಕಿಕೊಳ್ಳುವುದು ಎಲ್ಲಿ ಸಹಿ ಎಂದು ಹುಡುಕಲಿಕ್ಕೆ, ಏನಿದೆ ಎಂದು ಓದಲಿಕ್ಕಲ್ಲ. ಜಾಮೀನು ಎಂದರೆ ಒಳ್ಳೆಯ ನಡತೆಯ ಸರ್ಟಿಫಿಕೇಟು ಎಂದು ತಿಳಿದವರು ಇನ್ನೂ ಇದ್ದಾರೆ. 1872ರ ಕರಾರು ಕಾಯ್ದೆಯ ಪ್ರಕಾರ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಮಗನನ್ನು ಕೇಳದೆ ನೇರ ಅಪ್ಪನನ್ನು ಕೇಳಬಹುದು. ಮಗನಿಗೆ ಸಹಾಯ ಮಾಡಬೇಡಿ ಎಂದು ನಾನು ಹೇಳುವವನಲ್ಲ. ಮೇಷ್ಟ್ರೂ ಇವತ್ತಿಗೂ ಸಹಿ ಮಾಡಿದ್ದಕ್ಕೆ ಪಶ್ಚಾತ್ತಾಪ ಪಡುವುದಿಲ್ಲ. ಆದರೆ ಅಡವಿಡುವುದು ಯಾವ ಆಸ್ತಿ, ಎಷ್ಟು ಮೊತ್ತಕ್ಕೆ, ಎಷ್ಟು ವರ್ಷಕ್ಕೆ ಎಂದು ಕೇಳಿ ಒಂದು ನಕಲು ಇಟ್ಟುಕೊಳ್ಳಿ.

“ಅರಸು ಕಾಲದಲ್ಲಿ ಸಾಲ ಮನ್ನಾ ಆಗಿತ್ತಲ್ಲ, ಈಗಲೂ ಆಗಬಹುದು” ಎಂದು ಕಾಯುವವರೂ ಇದ್ದಾರೆ. ದೇವರಾಜ ಅರಸರ 1976ರ ಋಣ ಪರಿಹಾರ ಕಾನೂನು ಸಣ್ಣ ರೈತರನ್ನೂ ಕೂಲಿಗಳನ್ನೂ ಬಡವರನ್ನೂ ಖಾಸಗಿ ಲೇವಾದೇವಿಯವರ ಕೈಯಿಂದ ಬಿಡಿಸಿತು. ಒತ್ತೆ ಇಟ್ಟ ಚೊಂಬು, ಮೂಗುಬೊಟ್ಟು ಹಿಂದಕ್ಕೆ ಬಂದವು. ಬ್ಯಾಂಕಿನ ಸಾಲಕ್ಕೆ ಅದು ಅನ್ವಯಿಸಲೇ ಇಲ್ಲ. 2025ರಲ್ಲಿ ನಮ್ಮ ರಾಜ್ಯ ತಂದ ಕಾನೂನು ಕಿರುಸಾಲದ ವಸೂಲಿಯಲ್ಲಿ ಕಿರುಕುಳ ಕೊಟ್ಟವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಎನ್ನುತ್ತದೆ. ಒಳ್ಳೆಯದು. ಮನೆ ಅಡವಿಟ್ಟ ಬ್ಯಾಂಕ್ ಸಾಲದ ದಾರಿ ಮಾತ್ರ ನಾನು ಮೇಲೆ ಹೇಳಿದ್ದೇ.

ಬ್ಯಾಂಕಿನಿಂದಲೇ ಅನ್ಯಾಯವಾಗಿದ್ದರೆ ಮೊದಲು ಬ್ಯಾಂಕಿಗೆ ಬರೆದು ದೂರು ಕೊಡಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದದ್ದು ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. ಖರ್ಚಿಲ್ಲ. 14448 ಎಂಬ ಸಂಖ್ಯೆಗೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಕಂತು ತಪ್ಪಿದ್ದಕ್ಕೆ ಹಾಕುವ ದಂಡಕ್ಕೆ ಮತ್ತೆ ಬಡ್ಡಿ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಹೇಳಿದೆ. ಖಾತೆಯ ವಿವರದಲ್ಲಿ ಆ ಕಾಲಂ ಹುಡುಕಿ ನೋಡಿ. ವಕೀಲರಿಗೆ ಕೊಡಲು ಹಣವಿಲ್ಲದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಅಲ್ಲಿ ಉಚಿತ ನೆರವು ಸಿಗುತ್ತದೆ. ಲೋಕ ಅದಾಲತ್ ನಡೆಯುವ ದಿನ ಬ್ಯಾಂಕಿನವರು ಕೌಂಟರಿನಲ್ಲಿ ಇರುವುದಕ್ಕಿಂತ ಮೆತ್ತಗಿರುತ್ತಾರೆ, ಇದು ಅನುಭವದ ಮಾತು.

ಕಂತುಗಳೆಲ್ಲ ತೀರಿದವರಿಗೂ ಒಂದು ಕೆಲಸ ಉಳಿದಿರುತ್ತದೆ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕು ಮೂಲ ಪತ್ರಗಳನ್ನು ಹಿಂತಿರುಗಿಸಿ, ನೋಂದಣಿಯಲ್ಲಿರುವ ಸಾಲದ ನಮೂದನ್ನೂ ತೆಗೆಸಬೇಕು. ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. 2023ರ ಡಿಸೆಂಬರ್ 1ರಿಂದ ಇದು ಜಾರಿಯಲ್ಲಿದೆ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇ.ಸಿ. ತೆಗೆಸಿ, ಬ್ಯಾಂಕಿನ ಸಾಲ ಇನ್ನೂ ಅದರಲ್ಲಿ ಕೂತಿದೆಯೇ ನೋಡಿಕೊಳ್ಳಿ. ಹತ್ತು ವರ್ಷದ ಹಿಂದೆ ತೀರಿದ ಸಾಲ ಇ.ಸಿ.ಯಲ್ಲಿ ಹಾಗೇ ಉಳಿದು, ಮಗಳ ಮದುವೆಗೆ ಸೈಟು ಮಾರಲು ಹೋದಾಗ ಅಡ್ಡ ಬಂದದ್ದನ್ನು ನೋಡಿದ್ದೇನೆ.

ಬೀರುವಿನಿಂದ ಕವರು ತೆಗೆದು ನಾನು ಪತ್ರ ಕೈಗಿಟ್ಟಾಗ ಹೆಚ್ಚಿನವರು ಮೊದಲು ಅದನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಚೀಲಕ್ಕೆ ಹಾಕುವ ಮೊದಲು ಪುಟ ಎಣಿಸಿಕೊಳ್ಳಿ ಎನ್ನುತ್ತಿದ್ದೆ. ನಿಂತಲ್ಲೇ ಬೆರಳಿಗೆ ಎಂಜಲು ಹಚ್ಚಿ, ಒಂದೊಂದಾಗಿ ಎಣಿಸಿ, ರಿಜಿಸ್ಟರಿನಲ್ಲಿ ಸಹಿ ಮಾಡಿ ಹೋಗುತ್ತಿದ್ದರು.